ಬಿಸಿಲಿಗೆ ಜಾಗ ಮಾಡಿಕೊಟ್ಟವರು

ಎಪ್ಪತ್ತರ ದಶಕದಲ್ಲಿ, ಬ್ಲಫ್ ಎಂಬಲ್ಲಿನ ಜಲವಿದ್ಯುದಾಗಾರದಿಂದ ನಿವೃತ್ತರಾದವರೊಬ್ಬರು ಮಂಡ್ಯದಲ್ಲಿ ನಮ್ಮ ಪಕ್ಕದ ಮನೆ ಕೊಂಡು ಬಂದರು. ಯಾವ ಮಾತೇ ಬರಲಿ, ಎರಡು ಬೆರಳಲ್ಲಿ ಕನ್ನಡಕ ಮೇಲೆತ್ತಿ, "ಕರೆಂಟಿನ ವಿಷ್ಯ ನಂಗೇಳ್ಬ್ಯಾಡಿ" ಅನ್ನುತ್ತಿದ್ದರು. ಯಾರೂ ಹೇಳುತ್ತಿರಲಿಲ್ಲ.

ಮುಂದೆ ಬಿಸಿಲಿನಿಂದಲೇ ಕರೆಂಟು ತೆಗೆಯುತ್ತಾರೆಂದು ಎಲ್ಲೋ ಓದಿ, ಹೆಂಚು ಇಳಿಸಿ ತಾರಸಿ ಹಾಕಿಸಿದರು. ಅದರ ಮೇಲೆ ನೆರಳು ಬೀಳಬಾರದೆಂದು ಹಿತ್ತಲಿನ ದೊಡ್ಡ ಬೇವಿನ ಮರವನ್ನೂ ಕಡಿಸಿದರು. ಆ ಕರೆಂಟು ಬರಲಿಲ್ಲ, ಬಿಸಿಲು ಮಾತ್ರ ತಪ್ಪದೆ ಬಂತು.

ಏಪ್ರಿಲ್‌ನ ಒಂದು ಮಧ್ಯಾಹ್ನ ಕರೆಂಟು ಹೋಗಿ ಅವರ ಫ್ಯಾನು ನಿಂತಿತು. ಕಾದ ತಾರಸಿಯ ಕೆಳಗೆ ಕೂರಲಾಗದೆ, ಕುರ್ಚಿ ಹೊತ್ತುಕೊಂಡು ನಮ್ಮ ಹೊಂಗೆ ಮರದಡಿಗೆ ಬಂದರು. ಅಮ್ಮ ಕೊಟ್ಟ ಮಜ್ಜಿಗೆ ಕುಡಿದು, ಹೆಗಲ ಮೇಲೆ ಉದುರಿದ ಹೂ ಕೊಡವಿಕೊಂಡು, "ಈ ಮರ ಕಡಿಸ್ಬುಡಿ ಕಣಮ್ಮ. ನಾಳೆ ಬಿಸ್ಲಿನ ಕರೆಂಟು ಬಂದಾಗ ಇದೇ ಅಡ್ಡ ಆಯ್ತದೆ" ಎಂದರು.

ಅಮ್ಮ ಖಾಲಿ ಲೋಟ ತೆಗೆದುಕೊಂಡಳು. "ಕರೆಂಟಿನ ವಿಷ್ಯ ನಂಗೊತ್ತಿಲ್ಲ. ಬಿಸ್ಲಂತೂ ನಿಮ್ಮ ತಾರಸಿ ಮ್ಯಾಲೆ ಸುರೀತಾ ಅದೆ. ಓಗಿ ಫ್ಯಾನ್ ತಿರುಗಿಸ್ಕಳಿ."

ಅವರು ಕನ್ನಡಕ ಮೇಲೆತ್ತಿದರು. ನೆರಳು ಸರಿದಾಗ ಕುರ್ಚಿಯನ್ನೂ ಅದರ ಜೊತೆಗೆ ಸರಿಸಿಕೊಂಡರು.