ಬಾಳೂರಿನಿಂದ ಕಳಸಕ್ಕೆ, ಓಡದೆ

ಶನಿವಾರ ಬೆಳಿಗ್ಗೆ ಆರೂವರೆಗೆ ದಾವಣಗೆರೆಯಲ್ಲಿ ಚಿಕ್ಕಮಗಳೂರಿನ ಬಸ್ಸು ಹತ್ತಿದೆ. ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ ಕಂಡಕ್ಟರ್, ಬ್ಯಾಗಿಗೆ ಕಟ್ಟಿದ್ದ ಬೂಟುಗಳತ್ತ ಕಣ್ಣು ಹಾಯಿಸಿ, "ಆಟದ ಟೀಚರ್ರಾ ಮೇಡಂ?" ಅಂದ. "ಅಲ್ಲ, ಲ್ಯಾಬಿನಲ್ಲಿ ರಕ್ತ ತೆಗೆಯೋಳು" ಅಂದೆ. ಆಮೇಲೆ ಚಿಕ್ಕಮಗಳೂರು ಬರುವವರೆಗೆ ಅವನು ನನ್ನ ತಂಟೆಗೆ ಬರಲಿಲ್ಲ.

ನನಗೆ ನಲವತ್ತಾರು. ಮದುವೆ ಆಗಿಲ್ಲ, ಅಪ್ಪ ಅಮ್ಮ ಇಲ್ಲ, ಒಡಹುಟ್ಟಿದವರೂ ಇಲ್ಲ. ಹನ್ನೊಂದು ವರ್ಷದಿಂದ ಓಡುತ್ತಿದ್ದೇನೆ. ಅದರಲ್ಲಿ ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಪಕ್ಕದಲ್ಲಿ ಗಿರಿಜಾ ಇದ್ದಳು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ನನ್ನ ಓರಗೆಯವಳು. ಈಗ ಒಂದೂವರೆ ವರ್ಷದಿಂದ ಬೈಪಾಸ್ ರಸ್ತೆಯಲ್ಲಿ ಒಬ್ಬಳೇ ಓಡುತ್ತೇನೆ. ಚಪ್ಪಟೆ ರಸ್ತೆ, ಲಾರಿಗಳ ಹೊಗೆ. ಬೇಸರವಾಗಿ ಹೋಗಿತ್ತು. ಬಾಳೂರಿನ ಕಾಫಿ ತೋಟಗಳ ಕಡೆಯ ಒಂದು ಓಟದ ಗುಂಪು ಭಾನುವಾರ ಕಳಸದವರೆಗೆ ಮೂವತ್ತು ಕಿಲೋಮೀಟರು ಗುಡ್ಡ ಹತ್ತಿಳಿಯುತ್ತದೆ, ಹೊರಗಿನವರೂ ಬರಬಹುದು ಎಂದು ಗೊತ್ತಾದಾಗ ಎರಡು ಸಲ ಯೋಚಿಸದೆ ಹೆಸರು ಕೊಟ್ಟೆ.

ಚಿಕ್ಕಮಗಳೂರಿನಲ್ಲಿ ಇಡ್ಲಿ ತಿಂದು ಮೂಡಿಗೆರೆಗೆ ಹೋದೆ, ಅಲ್ಲಿಂದ ಕಳಸದ ಕಡೆಯ ಖಾಸಗಿ ಬಸ್ಸು ಹಿಡಿದೆ. ಖಾಸಗಿಯವರ ಹತ್ತಿರ ಆಧಾರ್ ನಡೆಯುವುದಿಲ್ಲ, ಐವತ್ತು ರೂಪಾಯಿ ಕೊಟ್ಟೆ. ಜನವರಿಯ ಕೊನೆ, ಹಣ್ಣು ಕೊಯ್ಲಿನ ಕಾಲ. ಅಂಗಳಗಳಲ್ಲೆಲ್ಲ ಕಾಫಿ ಹರವಿದ್ದರು, ಅದರ ಹುಳಿ ವಾಸನೆ ಬಸ್ಸಿನೊಳಗೂ ಬರುತ್ತಿತ್ತು. ಕೊಟ್ಟಿಗೆಹಾರ ದಾಟಿದ ಮೇಲೆ ಫೋನಿನಲ್ಲಿ ನೆಟ್‌ವರ್ಕ್ ಹೋಯಿತು. ನನಗೆ ಯಾರ ಫೋನೂ ಬರಬೇಕಾಗಿರಲಿಲ್ಲ, ಹಾಗಾಗಿ ತಲೆ ಕೆಡಿಸಿಕೊಳ್ಳಲಿಲ್ಲ.

ಗುಂಪಿನ ಯಜಮಾನಿಕೆ ಸುಂದರೇಶ ಎಂಬವರದು. ಒಂದು ಎಸ್ಟೇಟಿನಲ್ಲಿ ರೈಟರ್, ಎಂದರೆ ದಿನಾ ಬೆಳಿಗ್ಗೆ ಆಳುಗಳ ಹೆಸರು ಕೂಗಿ ಹಾಜರಿ ಹಾಕುವವರು. ಐವತ್ತು ದಾಟಿದ ಒಣಕಲು ಮನುಷ್ಯ. ಓಟಕ್ಕೂ ಅದೇ ಹಾಜರಿಯ ಶಿಸ್ತು. ಸಂಜೆ ಐದಕ್ಕೆ ನಮ್ಮ ಹದಿನಾಲ್ಕು ಜನರನ್ನು ಕಣದಲ್ಲಿ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಬೂಟಿನ ಅಟ್ಟೆ ಎತ್ತಿ ನೋಡಿದರು. ಅಟ್ಟೆ ಸವೆದಿದ್ದ ಒಬ್ಬನಿಗೆ ಬೇರೆ ಜೊತೆ ಹುಡುಕಲು ಹೇಳಿದರು. ಎಲ್ಲರ ಕೊರಳಿಗೂ ಒಂದೊಂದು ಸೀಟಿ ಹಾಕಿದರು.

"ಇಳಿಜಾರಲ್ಲಿ ಹಾರ್ಬೇಡಿ, ಸಣ್ಣ ಸಣ್ಣ ಹೆಜ್ಜೆ. ಕಿವಿಗೆ ಎಂತದ್ದೂ ಹಾಕ್ಬಾರ್ದು. ಹಸಿ ಆನೆ ಲದ್ದಿ ಕಂಡ್ರೆ ಅಲ್ಲೇ ನಿಂತು ಸೀಟಿ ಹೊಡೀರಿ, ಧೈರ್ಯ ತೋರ್ಸೋದು ಬೇಡ. ಜೊತೆ ಬಿಟ್ಟು ಯಾರೂ ಹೋಗೋ ಹಾಗಿಲ್ಲ. ಜೊತೆಗಾರ ನಿಂತ್ರೆ ನೀವೂ ನಿಲ್ಬೇಕು. 'ನೀನು ಹೋಗು' ಅಂತ ಅವ್ನೇ ಹೇಳಿದ್ರೂ ಹೋಗ್ಬಾರ್ದು."

ಆ ಕೊನೆಯ ಮಾತು ನನ್ನನ್ನೇ ನೋಡಿ ಹೇಳಿದ ಹಾಗಿತ್ತು. ಅವರಿಗೇನು ಗೊತ್ತು ಪಾಪ. ಒಂದೂವರೆ ವರ್ಷದ ಹಿಂದೆ ಸಕಲೇಶಪುರದ ಕಡೆಯ ಒಂದು ಓಟದಲ್ಲಿ ಗಿರಿಜಾಳ ಪಾದ ತಿರುಚಿತ್ತು. ಇಳಿಜಾರಿನಲ್ಲಿ ರಸ್ತೆ ಬದಿಗೆ ಕೂತು, "ನೀನು ಹೋಗು" ಅಂದಳು. ನಾನು ಹೋದೆ. ಆವತ್ತು ನನ್ನ ಟೈಮಿಂಗ್ ಚೆನ್ನಾಗಿ ಬರುತ್ತಿತ್ತು. ಯಾರೋ ಬೈಕಿನವರು ಅವಳನ್ನು ಕರೆತರುವವರೆಗೆ ಮಳೆಯಲ್ಲಿ ನಲವತ್ತು ನಿಮಿಷ ಒಬ್ಬಳೇ ಕೂತಿದ್ದಳಂತೆ. ಬಂದ ಮೇಲೆ ಜಗಳವನ್ನೂ ಆಡಲಿಲ್ಲ, ಮಾತು ಬಿಟ್ಟಳು. ಅವಳೇ ಹೋಗು ಅಂದಿದ್ದಲ್ಲವಾ ಎಂದು ನಾನೂ ಬಿಗಿದುಕೊಂಡು ಕೂತೆ.

ಹಾಜರಿ ಮುಗಿದ ಮೇಲೆ ಸುಂದರೇಶರು ಒಂದು ಕಾಗದ ಕೊಟ್ಟು, ಏನಾದರೂ ಆದರೆ ಯಾರಿಗೆ ಹೇಳಬೇಕೋ ಅವರ ಹೆಸರು, ನಂಬರು ಬರೆಯಿರಿ ಎಂದರು. ಒಂಬತ್ತು ವರ್ಷ ಪ್ರತಿ ಓಟದ ಅರ್ಜಿಯಲ್ಲೂ ನಾನು ಗಿರಿಜಾಳ ನಂಬರು, ಅವಳು ನನ್ನ ನಂಬರು ಬರೆದ ಅಭ್ಯಾಸ. ಕೈ ತಾನಾಗಿ ಬರೆಯಿತು. ಬರೆದ ಮೇಲೆ ಹೊಡೆದು ಹಾಕೋಣ ಅನ್ನಿಸಿತು. ಹೊಡೆದರೆ ಬೇರೆ ಯಾರದ್ದು ಬರೆಯಲಿ? ಲ್ಯಾಬಿನ ಮಾಲೀಕರದ್ದೇ? ಹಾಗೇ ಮಡಿಸಿ ಕೊಟ್ಟೆ. ಇಂಥ ಕಾಗದಗಳನ್ನು ಯಾರು ನೋಡುತ್ತಾರೆ ಎಂದುಕೊಂಡೆ.

ಇವರು ನೋಡುವವರು. ತೋಟದ ಮೇಲುಗಡೆ ನೆಟ್‌ವರ್ಕ್ ಸಿಗುವ ಒಂದೇ ಒಂದು ತಿರುವಿದೆ. ಬೆಳಕಿರುವಾಗಲೇ ಎಲ್ಲರೂ ಅಲ್ಲಿಗೆ ನಡೆದೆವು. ಸುಂದರೇಶರು ಸ್ಪೀಕರ್ ಹಾಕಿ ಒಬ್ಬೊಬ್ಬರ ಮನೆಗೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳತೊಡಗಿದರು: "ನಾಳೆ ಇವ್ರಿಗೆ ಎಂತಾದ್ರೂ ಆದ್ರೆ ನೀವು ಬರ್ತೀರಾ?"

"ಬರ್ತೀನಿ ಮಾರಾಯ್ರೆ, ಬೀಳ್ದ ಹಾಗೆ ನೋಡ್ಕೊಳ್ಳಿ" ಎಂದರು ಒಬ್ಬರ ಅಪ್ಪ. ಜಾವಳಿ ಊರಿನ ಒಬ್ಬನ ಹೆಂಡತಿ, "ಬರಲ್ಲ, ಅಲ್ಲೇ ಇಟ್ಕೊಳ್ಳಿ" ಎಂದು ಎಲ್ಲರನ್ನೂ ನಗಿಸಿ, "ಬರದೆ ಎಂತ ಮಾಡೋದು" ಅಂದಳು. ಇದೇನು ಪದ್ಧತಿ ಎಂದು ಕೇಳಿದೆ. ಹಿಂದೆ ಒಬ್ಬ ಬಿದ್ದು ಕಾಲು ಮುರಿದುಕೊಂಡಾಗ ಅವನು ಬರೆದಿದ್ದ ನಂಬರಿಗೆ ಫೋನ್ ಮಾಡಿದರೆ, ಆ ಕಡೆಯವರು "ಅದಕ್ಕೆ ನಾನೇನು ಮಾಡ್ಲಿ" ಎಂದು ಇಟ್ಟುಬಿಟ್ಟರಂತೆ. "ಆಸ್ಪತ್ರೆ ಮಂಚದಲ್ಲಿ ಮಲಗಿದ್ದವ್ನು ಅದನ್ನ ಕೇಳಿಸ್ಕೊಂಡ ಮೇಡಂ. ಕಾಲಿಗಿಂತ ಅದೇ ಜಾಸ್ತಿ ನೋವಾಯ್ತು ಅವ್ನಿಗೆ. ಅಲ್ಲಿಂದ ಮುಂಚೆನೇ ಕೇಳೋದು."

ನನ್ನ ಸರದಿ ಬಂತು. ಹದಿಮೂರು ಜನ ಸುತ್ತ ನಿಂತಿದ್ದರು, ಗಿರಿಜಾಳ ಫೋನು ರಿಂಗಾಗುತ್ತಿತ್ತು. ಎತ್ತಲಿ ಎಂದು ಬೇಡಿಕೊಂಡೆ, ಎತ್ತದಿರಲಿ ಎಂದೂ ಬೇಡಿಕೊಂಡೆ. "ಬರಲ್ಲ" ಎಂದು ಅವಳು ನಿಜವಾಗಿಯೂ ಹೇಳಿಬಿಟ್ಟರೆ ಈ ಜನರ ಮುಖ ನೋಡುವುದು ಹೇಗೆ? ಅದಕ್ಕಿಂತ, ನಾಳೆಯಿಂದ ಯಾರೂ ಇಲ್ಲ ಎಂದು ತಿಳಿದುಕೊಂಡು ಬದುಕುವುದು ಹೇಗೆ? ಎರಡು ಸಲ ಪೂರ್ತಿ ರಿಂಗಾಗಿ ನಿಂತಿತು. ಸುಂದರೇಶರು ಏನೋ ಮೆಸೇಜು ಕುಟ್ಟಿ ಕಳಿಸಿದರು. ಅರ್ಧ ಗಂಟೆ ಕಾದೆವು, ಉತ್ತರ ಬರಲಿಲ್ಲ.

"ಬೇಜಾರು ಮಾಡ್ಕೋಬೇಡಿ ಮೇಡಂ. ನೀವು ನಾಳೆ ಜೀಪಲ್ಲಿ ಬನ್ನಿ" ಅಂದರು.

ಅಷ್ಟು ದೂರ ಬಂದವಳನ್ನು ಜೀಪಿನಲ್ಲಿ ಕೂರಿಸುತ್ತಾರಂತೆ. ಸಿಟ್ಟು ನೆತ್ತಿಗೇರಿತು. ಆದರೆ ಮನುಷ್ಯ ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ರಾತ್ರಿ ಕಡುಬು, ಕೋಳಿಸಾರು ಮಾಡಿದ್ದರು. ಉಳಿದವರು ನಾಳೆಯ ಏರುಗಳ ಬಗ್ಗೆ ಮಾತಾಡುತ್ತ ಉಂಡರು. ನಾನು ಬೇಗ ಎದ್ದು ಹೋಗಿ ಮಲಗಿದೆ.

ಭಾನುವಾರ ಆರಕ್ಕೆ ಓಟ ಶುರುವಾಯಿತು. ಮಂಜು ಎಷ್ಟಿತ್ತೆಂದರೆ ಹತ್ತು ಹೆಜ್ಜೆಗೆ ಜನ ಕಾಣೆಯಾದರು. ಜೀಪಿನ ಚಾಲಕ ಮಂಜಯ್ಯನ ಪಕ್ಕ, ಕಾಲಡಿ ನೀರಿನ ಕ್ಯಾನು ಇಟ್ಟುಕೊಂಡು, ಓಟದ ಬಟ್ಟೆಯಲ್ಲೇ ಕೂತೆ. ಐದೈದು ಕಿಲೋಮೀಟರಿಗೆ ಜೀಪು ನಿಲ್ಲಿಸಿ ಪುನರ್ಪುಳಿ ಪಾನಕ, ಉಪ್ಪು ಸವರಿದ ಕಿತ್ತಳೆ ತೊಳೆ ಕೊಡುವುದು ನನ್ನ ಕೆಲಸ. ಬಂದವರೆಲ್ಲ "ಥ್ಯಾಂಕ್ಸ್ ಮೇಡಂ" ಎಂದು ಹೋಗುತ್ತಿದ್ದರು. ಯಾರಿಗೂ ನನ್ನ ಹೆಸರು ನೆನಪಿದ್ದ ಹಾಗಿರಲಿಲ್ಲ.

ಒಂದು ಕಡಿದಾದ ಏರಿನಲ್ಲಿ ಇಬ್ಬರು ಹೆಂಗಸರು ಬರುತ್ತಿದ್ದರು. ಒಬ್ಬಳು ಲೇಸು ಕಟ್ಟಿಕೊಳ್ಳಲು ಬಗ್ಗಿದಳು. ಇನ್ನೊಬ್ಬಳು ಮುಂದೆ ಹೋಗಲಿಲ್ಲ, ನಿಂತಲ್ಲೇ ಕಾಲು ಎತ್ತಿ ಹಾಕುತ್ತ, "ಆಯ್ತನಾ?" ಎಂದು ಕೇಳುತ್ತ ಕಾದಳು. ಅರ್ಧ ನಿಮಿಷದ ಮಾತು ಅಷ್ಟೆ. ನನಗೆ ಕಣ್ಣಲ್ಲಿ ನೀರು ಬಂತು.

"ಎಂತ ಮೇಡಂ, ಧೂಳಾ?" ಎಂದ ಮಂಜಯ್ಯ.

"ಹ್ಞೂಂ" ಅಂದೆ. ಮಂಜಿಗೆ ತೊಯ್ದ ರಸ್ತೆಯಲ್ಲಿ ಎಲ್ಲಿಯ ಧೂಳು.

ಹತ್ತೂವರೆಗೆ ಕಳಸ ಸೇರಿದೆವು. ಎಲ್ಲರೂ ಸುರಕ್ಷಿತ, ಒಬ್ಬನಿಗೆ ಮಾತ್ರ ಮಂಡಿ ತರಚಿತ್ತು. ಸುಂದರೇಶರು ಹಾಜರಿ ಕೂಗುತ್ತಿದ್ದಾಗ ನೆಟ್‌ವರ್ಕ್ ಬಂದು ನನ್ನ ಫೋನು ನಡುಗತೊಡಗಿತು. ತಪ್ಪಿದ ಕರೆ ಹದಿನಾರು, ಎಲ್ಲವೂ ಗಿರಿಜಾಳದ್ದು. ಸುಂದರೇಶರ ಫೋನಿನಲ್ಲೂ ಒಂಬತ್ತು ಇದ್ದವು. ನಿನ್ನೆ ಏನೆಂದು ಬರೆದಿರಿ ಎಂದು ಕೇಳಿದೆ. ತೋರಿಸಿದರು: "ಭಾರತಿ ಮೇಡಂ ವಿಷಯ. ಕಳಸದ ಓಟದ ಗುಂಪಿನವರು. ಅರ್ಜೆಂಟ್ ಫೋನ್ ಮಾಡಿ." ಆಳುಗಳನ್ನು ಕರೆಸಿ ಕರೆಸಿ ರೂಢಿಯಾದ ರೈಟರಿನ ಬರಹ. ಇಂಥದ್ದನ್ನು ಕಳಿಸಿ ಇಡೀ ಬೆಳಿಗ್ಗೆ ಕಾಡು ಹೊಕ್ಕಿದ್ದೆವು.

ಕೂಡಲೇ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು.

"ಯಾರು ಮಾತಾಡ್ತಿರೋದು? ಭಾರತಿಗೆ ಏನಾಗಿದೆ?"

"ಗಿರಿಜಾ, ನಾನೇ."

ಆ ಕಡೆ ಬಸ್‌ಸ್ಟ್ಯಾಂಡಿನ ಗದ್ದಲ ಕೇಳಿಸುತ್ತಿತ್ತು.

"ಎಲ್ಲಿ ಬಿದ್ದಿದ್ದೀ? ಯಾವ ಆಸ್ಪತ್ರೆ?"

"ಬಿದ್ದಿಲ್ಲ. ನಾನು ಓಡ್ಲೇ ಇಲ್ಲ. ನೀನೆಲ್ಲಿದ್ದೀ?"

"ಚಿಕ್ಕಮಗಳೂರು. ಬೆಳಿಗ್ಗೆ ಐದಕ್ಕೆ ಮೆಸೇಜ್ ನೋಡಿದೆ. ಯಾರ ಫೋನೂ ಸಿಗಲಿಲ್ಲ. ಇನ್ನೇನು ಮಾಡ್ಲಿ, ಸಿಕ್ಕಿದ ಬಸ್ ಹತ್ತಿದೆ. ಕಳಸದ ಬಸ್ ಯಾವುದು ಅಂತ ಹುಡುಕ್ತಿದ್ದೆ." ಆಮೇಲೆ ಅವಳ ದನಿ ಗಟ್ಟಿಯಾಯಿತು. "ಏನೂ ಆಗಿಲ್ಲ ತಾನೆ? ಸರಿ ಹಾಗಾದ್ರೆ. ನಾನು ವಾಪಸ್ ಹೋಗ್ತೀನಿ."

"ನಿಲ್ಲೇ, ನಾನು ಬರ್ತೀನಿ. ಮೂರು ಗಂಟೆ ಅಷ್ಟೇ."

"ನಿಲ್ಲಲ್ಲ. ನಾಳೆ ಸ್ಕೂಲಿದೆ." ಫೋನ್ ಇಟ್ಟಳು.

ಪಕ್ಕದಲ್ಲಿದ್ದ ಸುಂದರೇಶರಿಗೆ ಎಲ್ಲ ಕೇಳಿಸಿತ್ತು. ಮೆಸೇಜು ಹಾಗೆ ಬರೆದದ್ದಕ್ಕೆ ಮೂರು ಸಲ ತಪ್ಪಾಯಿತು ಎಂದರು. ಆಮೇಲೆ ಕಾಗದ ತೆಗೆದು ನನ್ನ ಹೆಸರಿನ ಮುಂದೆ ಗುರುತು ಹಾಕಿ, "ಮುಂದಿನ ಸಲ ನೀವು ಓಡಿ. ಅವ್ರನ್ನ ಕೇಳೋ ಅಗತ್ಯ ಇಲ್ಲ" ಎಂದರು.

ಹನ್ನೊಂದೂಕಾಲಿಗೆ ಚಿಕ್ಕಮಗಳೂರಿನ ಬಸ್ಸಿತ್ತು. ನಾನು ಹತ್ತಲಿಲ್ಲ. ಅವಳು ನಿಲ್ಲುವುದಿಲ್ಲ ಎಂದಳಲ್ಲ, ಓಡಿ ಹೋಗಿ ಏನು ಮಾಡಲಿ ಎಂದುಕೊಂಡೆ. ಗುಂಪಿನವರ ಜೊತೆ ಜೀಪಿನಲ್ಲಿ ಎಂಟು ಕಿಲೋಮೀಟರು ದೂರದ ಹೊರನಾಡಿಗೆ ಹೋದೆ, ದೇವಿಯ ದರ್ಶನ ಮಾಡಿದೆ, ಪಂಕ್ತಿಯಲ್ಲಿ ಕೂತು ಅನ್ನ, ಸಾರು, ಪಾಯಸ ಉಂಡೆ. ಬಹಳ ದಿನದ ಮೇಲೆ ಹಸಿವೆಂಬ ಹಸಿವಾಗಿತ್ತು. ಅವಳು ಬಂದಿದ್ದಾಳೆ ಎಂಬ ಸಂತೋಷಕ್ಕೆ ಎರಡನೇ ಸಲ ಪಾಯಸ ಹಾಕಿಸಿಕೊಂಡೆ. ಕಳಸಕ್ಕೆ ಹಿಂತಿರುಗಿ ಎರಡೂಕಾಲಿನ ಬಸ್ಸು ಹತ್ತಿದೆ.

ಬಾಳೂರಿನ ದಾರಿ, ಕೊಟ್ಟಿಗೆಹಾರ, ಎಲ್ಲ ಕಡೆ ಫೋನು ಸತ್ತಿತ್ತು. ನಾಲ್ಕೂಕಾಲಿಗೆ ಮೂಡಿಗೆರೆ ಬಂದಾಗ ಜೀವ ಬಂತು. ಇಪ್ಪತ್ತು ನಿಮಿಷದ ಹಿಂದೆ ಗಿರಿಜಾ ಕಳಿಸಿದ್ದ ಮೆಸೇಜಿತ್ತು: "ಎರಡು ಬಸ್ ಬಿಟ್ಟೆ. ಮೂರನೇದು ಬಂತು. ಹೊರಟೆ."

ಐದು ಗಂಟೆ ಬೆಂಚಿನ ಮೇಲೆ ಕೂತಿದ್ದಾಳೆ. ಆ ಹೊತ್ತಿನಲ್ಲಿ ನಾನು ಪಾಯಸ ತಿನ್ನುತ್ತಿದ್ದೆ. ನನಗೆ ನನ್ನ ಮೇಲೇ ಅಸಹ್ಯವಾಯಿತು. ಚಿಕ್ಕಮಗಳೂರಿನಲ್ಲಿ ಇಳಿದವಳು, ಇಲ್ಲ ಎಂದು ಗೊತ್ತಿದ್ದೂ ದಾವಣಗೆರೆ ಬಸ್ಸು ನಿಲ್ಲುವ ಜಾಗಕ್ಕೆ ಹೋಗಿ ಒಂದೊಂದು ಬೆಂಚನ್ನೂ ನೋಡಿದೆ. ಆಮೇಲೆ ಫೋನ್ ಮಾಡಿದೆ. ಎತ್ತಿದಳು.

"ಅವತ್ತು ನಾನು ನಿಲ್ಬೇಕಿತ್ತು ಗಿರಿಜಾ" ಅಂದೆ.

"ಇವತ್ತೂ ಬೇಗ ಬರ್ಬೇಕಿತ್ತು" ಅಂದಳು.

ಇಬ್ಬರೂ ಫೋನ್ ಇಡಲಿಲ್ಲ. ಆ ಕಡೆ ಅವಳ ಬಸ್ಸಿನ ಸದ್ದು ಕೇಳುತ್ತಿತ್ತು, ಕಂಡಕ್ಟರ್ ಬೀರೂರು ಬೀರೂರು ಎಂದು ಕೂಗಿದ್ದೂ ಕೇಳಿಸಿತು. ಊರು ದಾಟಿದ ಮೇಲೆ ಎಲ್ಲೋ ಸಿಗ್ನಲ್ ಹೋಗಿ ಕರೆ ತಾನೇ ಕಡಿಯಿತು. ನನ್ನ ಬಸ್ಸು ಇನ್ನೂ ಬಂದಿರಲಿಲ್ಲ.