ಬೆಟ್ಟದ ಬುಡದಲ್ಲಿ ಬಿಟ್ಟ ಚಪ್ಪಲಿ

ಬೆಟ್ಟವೆಂಬುದು ಕಣ್ಣಿಗೆ ಬಿದ್ದ ಕ್ಷಣವೇ ನನ್ನ ಕಾಲುಗಳು, ಬುದ್ಧಿಯ ಅಪ್ಪಣೆಗೆ ಕಾಯದೆ, ಚಪ್ಪಲಿ ಕಳಚಿಬಿಡುತ್ತವೆ. ಇದನ್ನು ಭಕ್ತಿಯೆಂದು ನೀವು ಭಾವಿಸಿದರೆ ಆ ಔದಾರ್ಯಕ್ಕೆ ನಮಸ್ಕಾರ. ನಿಜಕ್ಕೂ ಇದು ಜಿನನಾಥಪುರದ ಅಭ್ಯಾಸ. ಪಕ್ಕದ ಬೆಳಗೊಳದ ಬೆಟ್ಟವನ್ನು ಬರಿಗಾಲಲ್ಲಿ ಹತ್ತಿ ಬೆಳೆದ ನನಗೆ, ಚಪ್ಪಲಿ ಮೆಟ್ಟಿಯೇ ಏರುವ ಬೆಟ್ಟಗಳೂ ಲೋಕದಲ್ಲಿವೆಯೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ, ಕೊಣನೂರಿನಾಚೆ ಕಾವೇರಿಯ ನಡುವೆ ದ್ವೀಪವಾಗಿ ನಿಂತ ಗುಡ್ಡವೊಂದನ್ನು ಹತ್ತುವ ಯೋಗ ಬಂತು. ಅಪರೂಪದ ನೀರುನಾಯಿಗಳ ರಕ್ಷಿತ ತಾಣ. ಅರಣ್ಯ ರಕ್ಷಕ ಸಿದ್ದೇಗೌಡ ಜೊತೆಗಿದ್ದರೆ ಮಾತ್ರ ಪ್ರವೇಶ. ನನ್ನ ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿದ್ದರಿಂದ, ಬಾಗೂರಿನಿಂದ ಹೊಳೆನರಸೀಪುರದ ನಮ್ಮ ಮನೆಗೆ ಬಂದಿದ್ದ ಮಾವನವರ ಹೊಚ್ಚಹೊಸ ಚರ್ಮದ ಚಪ್ಪಲಿಗಳನ್ನು, ಅವರು ಪೂಜೆಗೆ ಕುಳಿತ ಸಮಯ ನೋಡಿ, ಹೇಳದೆ ಕೇಳದೆ ಮೆಟ್ಟಿಕೊಂಡು ಹೊರಟೆ. ಮೇಷ್ಟರಾಗಿ ನಿವೃತ್ತರಾದ ಅವರು ಕಳೆದುಹೋದ ಬಳಪದ ಚೂರನ್ನೂ ಮರೆತವರಲ್ಲ. ಸಂಜೆಯೊಳಗೆ ಅವು ಸ್ವಸ್ಥಾನ ಸೇರಲೇಬೇಕಿತ್ತು.

ಹರಿಗೋಲಿನಿಂದ ಇಳಿದವನೇ ಯಥಾಪ್ರಕಾರ ಚಪ್ಪಲಿಗಳನ್ನು ಬಂಡೆಯ ಮೇಲೆ ಜೋಡಿಸಿಟ್ಟು ಹತ್ತತೊಡಗಿದೆ. ಮುಳ್ಳುಗಳ ಮೇಲೆ ನಾನು ಆಡುತ್ತಿದ್ದ ತಾಂಡವವನ್ನು ಸಿದ್ದೇಗೌಡ ಯಾವುದೋ ಹರಕೆಯೆಂದೇ ತಿಳಿದು ಗೌರವದಿಂದ ಸುಮ್ಮನಿದ್ದ. ಹೊಳೆಯೆಲ್ಲ ಕಾಣುವ ನೆತ್ತಿಯಲ್ಲಿ ಎರಡು ಗಂಟೆ ಕಾದರೂ ನೀರುನಾಯಿಯ ಬಾಲವೂ ಕಾಣಲಿಲ್ಲ.

ಇಳಿದು ಬಂದರೆ, ಬಂಡೆಯ ಮೇಲೆ ಸಾಕ್ಷಾತ್ ನೀರುನಾಯಿ. ಅದರ ಬಾಯಲ್ಲಿ ಮಾವನವರ ಬಲಗಾಲಿನ ಚಪ್ಪಲಿ. ನಾನು ಕಲ್ಲಿಗೆ ಕೈ ಹಾಕಿದೆ. ಸಿದ್ದೇಗೌಡ ರಟ್ಟೆ ಹಿಡಿದ.

“ಕಲ್ಲು ಬುಡಿ ಸಾ. ಅದು ರಕ್ಷಣೇಲಿರೋ ಪ್ರಾಣಿ. ಕೂಗಂಗೂ ಇಲ್ಲ.”

“ಚಪ್ಪಲಿಗೆ ರಕ್ಷಣೆ ಇಲ್ವೇನಪ್ಪ?”

“ಅದ್ನ ಆರ್ಡರ್‌ನಲ್ಲಿ ಬರ್ದಿಲ್ಲ ಸಾ.”

ಕಾನೂನಿಗೆ ತಲೆಬಾಗಿ, ಹೊಟ್ಟೆ ಉರಿದುಕೊಂಡು ನೋಡುತ್ತ ನಿಂತೆ. ಅದು ಚಪ್ಪಲಿಯನ್ನು ಎಸೆಯಿತು, ಹಿಡಿಯಿತು, ಅದರ ಮೇಲೆ ಹೊರಳಾಡಿತು, ಕೊನೆಗೆ ಕಚ್ಚಿಕೊಂಡೇ ನೀರಿಗಿಳಿಯಿತು. ಉಳಿದ ಎಡಗಾಲಿನದನ್ನು ಟವೆಲಿನಲ್ಲಿ ಸುತ್ತಿ ತಂದು ಮಾವನವರ ಮುಂದಿಟ್ಟು, ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ನಿಜ ಹೇಳುತ್ತೇನೆ, ಭಯವಾಗಿತ್ತು. ಅವರು ಕನ್ನಡಕ ಏರಿಸಿಕೊಂಡು ಕೇಳಿದ್ದು ಒಂದೇ ಮಾತು: “ಎಷ್ಟು ಹತ್ತಿರದಿಂದ ನೋಡಿದ್ರಿ?”

ಮುಂದಿನ ಭಾನುವಾರ ಸಿದ್ದೇಗೌಡನನ್ನು ಜೊತೆ ಮಾಡಿಕೊಂಡು ಇಬ್ಬರೂ ಅದೇ ಗುಡ್ಡದ ಬುಡದಲ್ಲಿ ಇಳಿದೆವು. ನನ್ನ ಕಾಲುಗಳು ಜನ್ಮದಲ್ಲಿ ಮೊದಲ ಸಲ ಬುದ್ಧಿಯ ಮಾತು ಕೇಳಿ, ಆಗಷ್ಟೇ ಕೊಂಡಿದ್ದ ಚಪ್ಪಲಿಯೊಳಗೇ ಗಟ್ಟಿಯಾಗಿ ನಿಂತಿದ್ದವು.

“ಅಳಿಯಂದ್ರೇ,” ಎಂದರು ಮಾವನವರು ಪಿಸುದನಿಯಲ್ಲಿ, “ನಿಮ್ಮವನ್ನ ಬಿಚ್ಚಿ ಆ ಬಂಡೆ ಮೇಲಿಡಿ.”

ಇಟ್ಟೆ. ಪೊದೆಯ ಮರೆಯಲ್ಲಿ ಉಸಿರು ಬಿಗಿಹಿಡಿದು, ಕೈಜೋಡಿಸಿ ಕುಳಿತ ಆ ಮುದುಕರ ಮುಖ ನೋಡಿದಾಗ, ಬೆಟ್ಟದ ಬುಡದಲ್ಲಿ ಚಪ್ಪಲಿ ಬಿಡುವುದು ಭಕ್ತಿಯೇ ಇರಬಹುದೆಂದು ನನಗೂ ಅನ್ನಿಸಿತು.