ಪೂಜೆಗಿಟ್ಟ ಸರ್ವರ್

ಎರಡು ಸಾವಿರದ ಇಸವಿಯ ಆಸುಪಾಸು. ಬೆಳಗಾವಿಯ ಕೋಟೆ ಬದಿಗಿದ್ದ ಒಂದು ಸಹಕಾರಿ ಸಂಘದ ಮುಖ್ಯ ಕಚೇರಿಯಲ್ಲಿ ನಾನು ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಖಾನಾಪುರ ಶಾಖೆಯ ಲೆಕ್ಕವನ್ನು ಇಲ್ಲಿನ ಸರ್ವರ್‌ನಿಂದಲೇ ನಡೆಸಲು ಹೊಸ ಸಾಫ್ಟ್‌ವೇರ್ ಬಂದಿತ್ತು. ಅಧ್ಯಕ್ಷರಿಗೆ ಅದರ ಮೇಲೆ ಹೊಸ ಅಳಿಯನ ಮೇಲಿರುವಷ್ಟು ಹೆಮ್ಮೆ.

ದಸರೆಯ ಹಿಂದಿನ ದಿನ ನನಗೆ ಅದರಲ್ಲೊಂದು ತೂತು ಕಂಡಿತು. ಪಾಸ್‌ವರ್ಡ್ ಕೇಳುವ ಪುಟ ಬಿಟ್ಟು, ಒಳಗಿನ ಪುಟದ ವಿಳಾಸವನ್ನೇ ಟೈಪ್ ಮಾಡಿದರೆ ಯಾರು ಬೇಕಾದರೂ ಒಳಗೆ ಹೋಗಬಹುದಿತ್ತು. ಹಾಗೆ ಹೊಕ್ಕವರು ಮಾಡಿದ್ದೆಲ್ಲ, ಅದಕ್ಕೆ ಮುಂಚೆ ಕೆಲಸ ಮಾಡಿದವರ ಹೆಸರಿನಲ್ಲೇ ದಾಖಲಾಗುತ್ತಿತ್ತು. ಮ್ಯಾನೇಜರರ ಹತ್ತಿರ ಓಡಿ, ತೂತಿನ ವಿಷಯ ಹೇಳಿ, ಇಂಟರ್‌ನೆಟ್ ತಂತಿ ಕಿತ್ತಿಡೋಣ ಎಂದೆ. ಅಷ್ಟರಲ್ಲಿ ಕಚೇರಿಯ ಖಂಡೆಪೂಜೆ, ಅಂದರೆ ಆಯುಧಪೂಜೆ, ಮುಗಿದು ಸರ್ವರ್‌ಗೂ ಅದರ ತಂತಿಗೂ ಕುಂಕುಮ ಬಿದ್ದಿತ್ತು.

“ಪೂಜಿ ಆದ ಮ್ಯಾಲ ನಾಳೆ ಬನ್ನಿ ಮುಡಿಯೂತನಕ ಕೈ ಹಚ್ಚಬಾರ್ದು,” ಎಂದರು.

“ಹಂಗಾರ ಬಂದ್ ಮಾಡೇ ಪೂಜಿ ಮಾಡಬೇಕಿತ್ತಲ್ರಿ?”

“ಅದರ ದೀಪ ಆರಿಸಿದ್ರ ಅಪಶಕುನ. ಸುಮ್ನ ಮನಿಗೆ ಹೋಗ್ರಿ.”

ಹೋದೆ. ಹಬ್ಬ ಮುಗಿಸಿ ಬರುವಷ್ಟರಲ್ಲಿ ಖಾನಾಪುರದ ಸದಸ್ಯರ ಲೆಕ್ಕವೆಲ್ಲ ಅಳಿಸಿಹೋಗಿತ್ತು. ದಾಖಲೆಯಲ್ಲಿದ್ದದ್ದು ಅಲ್ಲಿನ ಆಪರೇಟರ್ ಹುಡುಗಿಯ ಹೆಸರು. ಅವಳ ಸಂಬಳದ ಮೇಲೇ ಅವರ ಮನೆ ನಡೆಯುತ್ತಿತ್ತು. ನಾನು ಹೋದಾಗಲೆಲ್ಲ ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಕಾಲೆಳೆಯುತ್ತ, “ಅಣ್ಣಾ, ಊಟಕ್ಕ ಬರ್ರಿ” ಎಂದು ತನ್ನ ಡಬ್ಬಿಯ ಜೋಳದ ಭಕ್ರಿ ಹಂಚಿಕೊಳ್ಳುತ್ತಿದ್ದಳು.

ವಿಚಾರಣೆ ಖಾನಾಪುರದಲ್ಲೇ ನಡೆಯಿತು. ಅವಳನ್ನು ಕೆಲಸದಿಂದ ತೆಗೆಯುವುದೊಂದೇ ಬಾಕಿ. ನಾನು ಎದ್ದುಹೋಗಿ, ಎಲ್ಲರೆದುರು, ಪಾಸ್‌ವರ್ಡ್ ಹಾಕದೆ ಸರ್ವರಿನ ಒಳಗೆ ಹೊಕ್ಕು ತೋರಿಸಿದೆ. ಪರದೆಯ ಮೇಲೆ ಅವಳ ಹೆಸರೇ ಬಂತು. “ನೋಡ್ರಿ, ಇದು ಯಾರರೆ ಮಾಡಬಹುದು,” ಎಂದೆ.

ಅಧ್ಯಕ್ಷರು ಪರದೆ ನೋಡಿದರು, ಆಮೇಲೆ ನನ್ನನ್ನು. “ಯಾರರೆ ಅಲ್ಲ. ಈ ದಾರಿ ನಿಮಗ ಗೊತ್ತಿತ್ತಲ್ಲ.”

ಮ್ಯಾನೇಜರರ ಕಡೆ ತಿರುಗಿದೆ. ಅವರು ಕನ್ನಡಕ ಒರೆಸುತ್ತ, “ನನಗೇನೂ ಹೇಳಿಲ್ರಿ ಇವ್ರು,” ಎಂದರು.

ಸಂಜೆಯೊಳಗೆ ಅವಳ ಕೆಲಸ ಉಳಿಯಿತು, ನನ್ನದು ಹೋಯಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕೈಕಾಲು ಬೇರೆ ಯಾರದೋ ಅನ್ನಿಸುತ್ತಿತ್ತು, ಅಷ್ಟೆ.

ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಅವಳು ಹುಡುಕಿಕೊಂಡು ಬಂದಳು. ಏನೋ ಒಂದು ಒಳ್ಳೆಯ ಮಾತು ಹೇಳುತ್ತಾಳೆಂದುಕೊಂಡೆ. ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದಳು:

“ಸರ್, ಖರೇ ಹೇಳ್ರಿ. ನೀವ ಮಾಡಿದ್ರೇನು?”

ಅಣ್ಣಾ ಅನ್ನುತ್ತಿದ್ದವಳು. ಬೆಳಗಾವಿ ಬಸ್ ಬಂತು, ಹತ್ತಿದೆ. ಕಿಟಕಿ ಬದಿಯ ಸೀಟೇ ಸಿಕ್ಕಿತು.